ಗಾಜಿನ ತೊಟ್ಟಿಯ ಮೀನು ಯಾವ ಹೊಳೆಯದು?

ಬಣ್ಣದ ಮೀನು ಸಾಕುವ ಹವ್ಯಾಸವು ಮಹಾನಗರಗಳ ದಿವಾನಖಾನೆಗಳಿಗೆ ಸೀಮಿತವಾಗಿದ್ದ ಕಾಲ ಎಂದೋ ಕಳೆದಿದೆ. ಮಲೆನಾಡಿನ ಸಣ್ಣ ಪೇಟೆಗಳಲ್ಲೂ ಈಗ ಗಾಜಿನ ತೊಟ್ಟಿಗಳು ಮಿನುಗುತ್ತವೆ. ಮಗುವಿನ ಹುಟ್ಟುಹಬ್ಬಕ್ಕೆ ದುಂಡನೆಯ ಬಟ್ಟಲಲ್ಲೊಂದು ಚಿನ್ನದ ಮೀನು, ಗೃಹಪ್ರವೇಶಕ್ಕೆ ವಾಸ್ತುವಿನ ಹೆಸರಿನಲ್ಲೊಂದು ಅರೋವಾನ, ಹೋಟೆಲಿನ ಪಡಸಾಲೆಗೆ ಒಂದಷ್ಟು ಟೆಟ್ರಾ. ಈ ಆಯ್ಕೆಗಳೆಲ್ಲ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಬಣ್ಣ ಹಿಡಿಸಿತೇ, ಬೆಲೆ ಹೊಂದಿತೇ ಎಂಬ ಎರಡು ಪ್ರಶ್ನೆಗಳಾಚೆಗೆ ವಿಚಾರಣೆ ಮುಂದುವರಿಯುವುದಿಲ್ಲ. ಒಂದು ಹಸುವನ್ನು ಕೊಳ್ಳುವ ರೈತನು ಅದರ ತಳಿ, ಸುಳಿ, ಕರಾವು, ಹಿಂದಿನ ಒಡೆಯ ಎಲ್ಲವನ್ನೂ ಕೇಳಿ ತಿಳಿಯುತ್ತಾನೆ. ಮೀನನ್ನು ಕೊಳ್ಳುವಾಗ ಅದೇ ರೈತನು ಅದು ಎಲ್ಲಿ ಹುಟ್ಟಿತೆಂದು ಸಹ ಕೇಳುವುದಿಲ್ಲ.

ಕೇಳಬೇಕಾದುದು ಅಗತ್ಯ. ಏಕೆಂದರೆ ಮನೆಯ ಮೂಲೆಯಲ್ಲಿರುವ ಆ ಗಾಜಿನ ತೊಟ್ಟಿಯು ಕಾಣುವಷ್ಟು ಪ್ರತ್ಯೇಕವಾದುದಲ್ಲ. ಅದಕ್ಕೆ ಎರಡು ಹೊಳೆಗಳ ಸಂಬಂಧವಿದೆ. ಮೀನು ಯಾವ ಹೊಳೆಯಿಂದ ಬಂದಿತೋ ಅದು ಒಂದು. ಸಾಕುವವನಿಗೆ ಬೇಸರ ಬಂದ ದಿನ, ಅಥವಾ ಮೀನು ತೊಟ್ಟಿಗಿಂತ ದೊಡ್ಡದಾಗಿ ಬೆಳೆದ ದಿನ, ಅದು ಯಾವ ಹೊಳೆಗೆ ಸೇರುತ್ತದೆಯೋ ಅದು ಇನ್ನೊಂದು. ಈ ಎರಡೂ ಹೊಳೆಗಳಿಗೆ ಹಾನಿಯಾಗದಂತೆ ಮೀನನ್ನು ಆರಿಸುವುದು ಸಾಧ್ಯ, ಮತ್ತು ಅದು ಕಷ್ಟದ ಕೆಲಸವೇನೂ ಅಲ್ಲ.

ಮೊದಲ ಹೊಳೆಯ ಕಥೆಯನ್ನು ತುಂಗೆಯಿಂದಲೇ ಆರಂಭಿಸಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣರಾಯರು 1920ರಲ್ಲಿ ಮೈಸೂರು ಸೀಮೆಯ ಕೆಲವು ಹೊಸ ಮೀನುಗಳನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಅವುಗಳಲ್ಲಿ ಶಿವಮೊಗ್ಗ ಸೀಮೆಯ ತುಂಗಾ ನದಿಯಲ್ಲಿ ದೊರೆತ, ಬೆರಳುದ್ದದ, ಮೈತುಂಬ ಅಡ್ಡಪಟ್ಟೆಗಳಿರುವ ಒಂದು ಮೀನೂ ಇತ್ತು. ಬೋಟಿಯಾ ಸ್ಟ್ರಯಾಟಾ ಎಂಬುದು ಅವರು ಅದಕ್ಕಿತ್ತ ಹೆಸರು. ಜಗತ್ತಿನಾದ್ಯಂತ ಮೀನುಸಾಕಣೆಯವರು ಅದನ್ನು ಇಂದು ಜೀಬ್ರಾ ಲೋಚ್ ಎಂದು ಕರೆಯುತ್ತಾರೆ. ಕಲ್ಲುಗಳ ಸಂದಿಯಲ್ಲಿ, ಹರಿವ ಶುದ್ಧ ನೀರಿನ ತಳದಲ್ಲಿ ಗುಂಪಾಗಿ ಬಾಳುವ ಈ ಮೀನು ಪಶ್ಚಿಮ ಘಟ್ಟಗಳ ಹೊರತು ಬೇರೆಲ್ಲೂ ನಿಸರ್ಗಸಹಜವಾಗಿ ಇಲ್ಲ. ತೊಟ್ಟಿಯಲ್ಲಿ ಹೆಚ್ಚಿಕೊಳ್ಳುವ ಬಸವನಹುಳುಗಳನ್ನು ತಿನ್ನುತ್ತದೆ, ಇತರ ಮೀನುಗಳೊಡನೆ ಜಗಳವಾಡುವುದಿಲ್ಲ, ನೋಡಲು ಅಂದ. ಈ ಮೂರು ಸದ್ಗುಣಗಳೇ ಅದಕ್ಕೆ ಮುಳುವಾದವು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದೀಗ ಅಪಾಯಕ್ಕೆ ಸಿಲುಕಿದ ಪ್ರಭೇದ.

ಘಟ್ಟದ ಪಶ್ಚಿಮ ಇಳಿಜಾರಿನ ಹೊಳೆಗಳಲ್ಲಿ ಇದಕ್ಕಿಂತ ಖ್ಯಾತಿವೆತ್ತ ಇನ್ನೊಂದು ಮೀನಿದೆ. ಬೆಳ್ಳಿಯ ಮೈ, ಕಪ್ಪು ಗೆರೆ, ಅದರ ಮೇಲೆ ಮೂತಿಯಿಂದ ಹೊರಟ ಕೆಂಪು ಗೆರೆ. 1865ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವರ್ಣಿಸಿ, ಅಂದಿನ ಮದರಾಸಿನ ಗವರ್ನರ್ ಡೆನಿಸನ್ ಹೆಸರನ್ನಿಟ್ಟ. ಮಾರುಕಟ್ಟೆಯವರು ಅದನ್ನು ಮಿಸ್ ಕೇರಳ ಎಂದು ಕರೆದರು. 2013ರಲ್ಲಿ ವಿಜ್ಞಾನಿಗಳು ಅದನ್ನೂ ಅದರ ಸೋದರ ಪ್ರಭೇದವೊಂದನ್ನೂ ಸೇರಿಸಿ ಹೊಸ ಕುಲವೊಂದನ್ನು ರಚಿಸಿದಾಗ ಅದಕ್ಕೆ ಸಹ್ಯಾದ್ರಿಯಾ ಎಂದು ಹೆಸರಿಟ್ಟರು. ಹೀಗೆ ಒಂದು ಪರ್ವತಶ್ರೇಣಿಯ ಹೆಸರನ್ನೇ ಹೊತ್ತ ಮೀನಿದು. ಸುಳ್ಯದ ಜನ ಪಯಸ್ವಿನಿ ಎಂದು ಕರೆಯುವ, ಕಾಸರಗೋಡಿನಲ್ಲಿ ಚಂದ್ರಗಿರಿಯಾಗುವ ನದಿಯೂ ಅದರ ನೆಲೆಗಳಲ್ಲೊಂದು. 1997ರಲ್ಲಿ ಸಿಂಗಪುರದ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಅದು ಬಹುಮಾನ ಪಡೆಯಿತು. ಬಹುಮಾನದ ಬೆನ್ನಿಗೇ ಬೇಡಿಕೆ ಬಂದಿತು. ಬೇಡಿಕೆಯ ಬೆನ್ನಿಗೆ ಬಲೆ ಬಂದಿತು.

ಬಲೆಯ ಗಾತ್ರವನ್ನು ತಿಳಿಯಲು ಒಂದು ಅಂಕಿ ಸಾಕು. 2005ರಿಂದ 2012ರವರೆಗಿನ ರಫ್ತಿನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಅವಧಿಯಲ್ಲಿ ಭಾರತದಿಂದ ಅಪಾಯದಂಚಿನ 30 ಪ್ರಭೇದಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರು ಮೀನುಗಳು ಹೊರದೇಶಗಳಿಗೆ ಹೋದವು. ಅವುಗಳ ಒಟ್ಟು ಮೌಲ್ಯ ಸುಮಾರು 17 ಲಕ್ಷ ಡಾಲರ್. ಅಂದರೆ ಒಂದು ಮೀನಿಗೆ ಸರಾಸರಿ ಒಂದು ಡಾಲರಿಗಿಂತ ತುಸು ಹೆಚ್ಚು. ತುಂಗೆಯ ಪಟ್ಟೆಮೀನೂ ಸಹ್ಯಾದ್ರಿಯ ಕೆಂಪುಗೆರೆಯ ಮೀನುಗಳೂ ಈ ವ್ಯಾಪಾರದಲ್ಲಿ ದೊಡ್ಡ ಪಾಲು ಪಡೆದವುಗಳ ಸಾಲಿನಲ್ಲಿದ್ದವು. ಲಕ್ಷಾಂತರ ವರ್ಷಗಳ ವಿಕಾಸದ ಫಲವನ್ನು ನಾಡು ಇಷ್ಟು ಅಗ್ಗಕ್ಕೆ ಮಾರಿತು. ಇದರಲ್ಲಿ ಹೊಳೆಯಲ್ಲಿ ಇಳಿದು ಹಿಡಿದವನ ಕೈಗೆ ಬಂದುದು ಇನ್ನೂ ಚಿಕ್ಕ ಪಾಲು ಎಂಬುದನ್ನು ಊಹಿಸಲು ಅರ್ಥಶಾಸ್ತ್ರಜ್ಞರು ಬೇಕಾಗಿಲ್ಲ.

ಸರ್ಕಾರ ಸುಮ್ಮನಿರಲಿಲ್ಲ; ಆದರೆ ಅದು ಮಾಡಿದುದರಿಂದಲೂ ಕಲಿಯುವುದಿದೆ. ಕೇರಳ ಸರ್ಕಾರವು 2008ರಲ್ಲಿ ಕೆಂಪುಗೆರೆಯ ಮೀನನ್ನು ಹಿಡಿಯುವುದರ ಮೇಲೆ ನಿರ್ಬಂಧ ಹೇರಿ, ವರ್ಷದ ಕೆಲವು ತಿಂಗಳು ಹಿಡಿಯಲೇಬಾರದೆಂದು ವಿಧಿಸಿತು. ಆ ತಿಂಗಳುಗಳಲ್ಲಿ ಜೂನ್ ಮತ್ತು ಜುಲೈ ಮುಖ್ಯವಾಗಿದ್ದವು. ಮಳೆಗಾಲದ ಆರಂಭವೇ ಮೀನುಗಳ ಸಂತಾನಕಾಲ ಎಂಬುದು ಸಾಮಾನ್ಯ ತಿಳಿವಳಿಕೆ. ಮೊದಲ ಮಳೆಗೆ ಹತ್ತುಮೀನು ಗದ್ದೆಗೇರುವುದನ್ನು ಕಂಡ ಮಲೆನಾಡಿಗರೂ ಹಾಗೆಯೇ ಭಾವಿಸಿಯಾರು. ಆದರೆ ಈ ಮೀನು ಮುಖ್ಯವಾಗಿ ಮಳೆಗಾಲ ಕಳೆದ ನಂತರದ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆಂದು ಸಂಶೋಧನೆಗಳು ತೋರಿಸಿದವು. ಕಾಯಬೇಕಾದ ಹೊತ್ತಿನಲ್ಲಿ ಬಾಗಿಲು ತೆರೆದಿತ್ತು. ಸದುದ್ದೇಶವೊಂದೇ ಸಾಲದು, ಮೀನಿನ ಜೀವನಕ್ರಮದ ಅರಿವೂ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದುರ್ಲಭ.

ಇಲ್ಲೊಂದು ಆಕ್ಷೇಪ ಸಹಜ. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಗೂ ವಿಷ ಹಾಕಿ ಮೀನು ಹಿಡಿಯುವ ದಂಧೆ, ತೋಟಗಳಿಂದ ಹರಿದು ಬರುವ ಕೀಟನಾಶಕ, ಘಟ್ಟದ ನೆತ್ತಿಯಲ್ಲಿ ತಲೆಯೆತ್ತುವ ರೆಸಾರ್ಟುಗಳ ಕೊಳಚೆ, ಇವೆಲ್ಲ ಹೊಳೆಯನ್ನೇ ಕೊಲ್ಲುತ್ತಿರುವಾಗ, ಮನೆಯ ತೊಟ್ಟಿಗೆ ನಾಲ್ಕು ಮೀನು ತರುವವನನ್ನು ಹಿಡಿದು ನಿಲ್ಲಿಸುವುದು ನ್ಯಾಯವೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಹೊಳೆಗಳ ಮೊದಲ ಶತ್ರು ಮೀನುಸಾಕಣೆಯ ಹವ್ಯಾಸಿಯಲ್ಲ. ಆದರೆ ಇದೇ ಕಾರಣಗಳಿಂದ ಅರ್ಧ ಸೋತಿರುವ ಮೀನಿಗೆ ಬಲೆಯ ಹೊಡೆತವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ. ತುಂಬಿದ ಹೊಳೆಯಿಂದ ಹಿಡಿದ ಸಾವಿರ ಮೀನಿಗೂ, ಬೇಸಿಗೆಯಲ್ಲಿ ಉಳಿದ ಒಂದೇ ಮಡುವಿನಿಂದ ಹಿಡಿದ ನೂರು ಮೀನಿಗೂ ವ್ಯತ್ಯಾಸವಿದೆ. ಇದಲ್ಲದೆ ಅಣೆಕಟ್ಟನ್ನು ತಡೆಯುವುದಕ್ಕೆ ಚಳವಳಿ ಬೇಕು, ನ್ಯಾಯಾಲಯ ಬೇಕು, ವರ್ಷಗಳೇ ಬೇಕು. ಅಂಗಡಿಯಲ್ಲಿ ತಪ್ಪು ಮೀನನ್ನು ಬೇಡವೆನ್ನುವುದಕ್ಕೆ ಒಂದು ಮಾತು ಸಾಕು.

ಹಾಗೆಂದು ಹೊಳೆಯಿಂದ ಹಿಡಿದುದೆಲ್ಲ ಪಾಪವೆಂದು ತೀರ್ಮಾನಿಸುವುದೂ ಅವಸರವಾದೀತು. ಬ್ರೆಜಿಲಿನ ರಿಯೊ ನೀಗ್ರೊ ನದಿಯ ದಂಡೆಯ ಬಾರ್ಸೆಲೊಸ್ ಎಂಬ ಊರಿನ ಸುತ್ತಮುತ್ತ, ದಶಕಗಳ ಕಾಲ ಜನರು ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನನ್ನು ಹಿಡಿದು ಮಾರಿ ಬದುಕಿದ್ದಾರೆ. ನೆರೆಯ ಕಾಲದಲ್ಲಿ ಕಾಡೊಳಗೆ ಹರಡಿ ಅಪಾರವಾಗಿ ವೃದ್ಧಿಸುವ ಈ ಮೀನುಗಳಲ್ಲಿ ಬಹುಪಾಲು ನೀರಿಳಿದಾಗ ಹೇಗೂ ಸಾಯುತ್ತವೆ. ಮೀನಿನಿಂದ ಆದಾಯವಿರುವವರೆಗೆ ಆ ಕಾಡನ್ನು ಕಡಿಯಲು ಜನರಿಗೆ ಮನಸ್ಸಾಗುವುದಿಲ್ಲ ಎಂಬುದು ಅಲ್ಲಿನ ಮೀನುಗಾರಿಕೆಯನ್ನು ಬೆಂಬಲಿಸುವ ಪ್ರಾಜೆಕ್ಟ್ ಪಿಯಾಬಾದ ವಾದ. ವಾದವು ತೂಕವುಳ್ಳದ್ದು. ಆದರೆ ಅದು ನಿಂತಿರುವುದು ಮೂರು ಆಧಾರಗಳ ಮೇಲೆ: ಮೀನಿನ ಸಂಖ್ಯೆ ಅಪಾರವಾಗಿರಬೇಕು, ಹಿಡಿಯುವವರು ಆ ನದಿಯನ್ನೇ ನಂಬಿ ಬಾಳುವವರಾಗಿರಬೇಕು, ಲಾಭ ಅವರ ಕೈಯಲ್ಲಿ ಉಳಿಯಬೇಕು. ಸಹ್ಯಾದ್ರಿಯ ಕಿರುಹೊಳೆಗಳಲ್ಲಿ ಈ ಮೂರರಲ್ಲಿ ಯಾವುದನ್ನೂ ನೆಚ್ಚುವಂತಿಲ್ಲ. ಒಂದೆರಡು ಕಣಿವೆಗಳಿಗೆ ಸೀಮಿತವಾದ ಮೀನು ಅಮೆಜಾನಿನ ಟೆಟ್ರಾ ಅಲ್ಲ.

ಆದ್ದರಿಂದ ಆಯ್ಕೆಯ ಮೊದಲ ನಿಯಮ ಸರಳ. ಸಾಕಣೆಕೇಂದ್ರಗಳಲ್ಲಿ ಹುಟ್ಟಿ ಬೆಳೆದ ಮೀನನ್ನೇ ಕೊಳ್ಳಬೇಕು. ಗಪ್ಪಿ, ಪ್ಲಾಟಿ, ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಫೈಟರ್ ಮುಂತಾದವು ತಲೆಮಾರುಗಳಿಂದ ತೊಟ್ಟಿಗಳಲ್ಲೇ ಹುಟ್ಟುತ್ತಿವೆ. ಚೆನ್ನೈನ ಕೊಳತ್ತೂರಿನಲ್ಲಿ, ಕೋಲ್ಕತ್ತದ ಸುತ್ತಲ ಹಳ್ಳಿಗಳಲ್ಲಿ ಇದೇ ಅನೇಕ ಕುಟುಂಬಗಳ ಕಸುಬು. ಕೆಂಪುಗೆರೆಯ ಮೀನನ್ನೂ ಸಾಕಣೆಯಲ್ಲಿ ಮರಿಮಾಡಿಸುವ ವಿಧಾನ ಸಿದ್ಧವಾಗಿದೆ. ಇಂಥ ಮೀನನ್ನು ಮಾರುವ ಅಂಗಡಿಯವನು ಅದು ಎಲ್ಲಿ ಮರಿಯಾಯಿತೆಂದು ಹೇಳಬಲ್ಲವನಾಗಿದ್ದರೆ ಕೊಳ್ಳಬಹುದು. ಹೇಳಲಾರದಿದ್ದರೆ ಅದು ಹೊಳೆಯದೆಂದೇ ಬಗೆದು ಬಿಟ್ಟುಬಿಡುವುದು ಲೇಸು.

ಈಗ ಎರಡನೆಯ ಹೊಳೆಯ ವಿಚಾರ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯು ಮೀನಿನ ವಿಷಯದಲ್ಲಿ ಅಕ್ಷರಶಃ ನಿಜ. ಅಂಗಡಿಗೆ ಬಂದ ಮೀನು ಇಂದಲ್ಲ ನಾಳೆ ಕೆರೆಗೆ ಬರುತ್ತದೆ. ತೊಟ್ಟಿಯ ಗಾಜನ್ನು ಶುಚಿಗೊಳಿಸುತ್ತದೆಂದು ಅಂಗುಲದುದ್ದದ ಸಕ್ಕರ್ ಮೀನನ್ನು ಮಾರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೈಮೇಲೆ ಕವಚದಂಥ ಫಲಕ, ಚೂಪಾದ ಮುಳ್ಳು, ಗಾಳಿಯನ್ನು ನುಂಗಿ ಉಸಿರಾಡಿ ಕೆಟ್ಟ ನೀರಿನಲ್ಲೂ ಬದುಕುವ ಸಾಮರ್ಥ್ಯ. ಮೊಟ್ಟೆಯಿಡಲು ಕೆರೆಯ ಏರಿಯಲ್ಲಿ ಬಿಲ ತೋಡುವುದು ಅದರ ಸ್ವಭಾವ. ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳಗಳ ಜಲಾಶಯಗಳಲ್ಲಿ ಅದು ನೆಲೆಯೂರಿದೆ. ಮೀನುಗಾರರ ಬಲೆಗಳನ್ನು ಹರಿದು ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿದೆ. ಯಾರೂ ಅದನ್ನು ಕೆರೆಗೆ ಬಿತ್ತನೆ ಮಾಡಲಿಲ್ಲ. ಮನೆಮನೆಯ ಗಾಜಿನ ತೊಟ್ಟಿಗಳಿಂದಲೂ ಸಾಕಣೆಕೇಂದ್ರಗಳಿಂದಲೂ ಒಂದೊಂದಾಗಿ ಹೊರಬಿದ್ದು ಅದು ಅಲ್ಲಿಗೆ ಸೇರಿತು.

ಇದು ಒಂದು ಮೀನಿನ ಕಥೆಯಲ್ಲ. ಅಮೆರಿಕದ ಮಿನೆಸೊಟಾ ರಾಜ್ಯದ ಬರ್ನ್ಸ್‌ವಿಲ್ ನಗರದ ಆಡಳಿತವು 2021ರಲ್ಲಿ ತನ್ನ ಸರೋವರವೊಂದರಲ್ಲಿ ಸಿಕ್ಕ ದೈತ್ಯಾಕಾರದ ಚಿನ್ನದ ಮೀನುಗಳ ಚಿತ್ರಗಳನ್ನು ಪ್ರಕಟಿಸಿ, ಸಾಕಿದ ಮೀನನ್ನು ದಯವಿಟ್ಟು ಕೆರೆಗೆ ಬಿಡಬೇಡಿರೆಂದು ನಾಗರಿಕರನ್ನು ಬೇಡಿಕೊಂಡಿತು. 2018ರ ಕೇರಳದ ಮಹಾನೆರೆಯಲ್ಲಿ ಸಾಕಣೆಯ ಕೊಳಗಳು ಒಡೆದು ಅರಾಪೈಮಾ, ಅಲಿಗೇಟರ್ ಗಾರ್ ಮುಂತಾದ ಹೊರದೇಶದ ಬೇಟೆಗಾರ ಮೀನುಗಳು ಚಾಲಕ್ಕುಡಿ ನದಿಯಲ್ಲಿ ಕಂಡುಬಂದವು. ಘಟ್ಟದ ಅತ್ಯಂತ ಶ್ರೀಮಂತ ಮತ್ಸ್ಯನೆಲೆಗಳಲ್ಲಿ ಅದೂ ಒಂದು. 2023ರಲ್ಲಿ ಅದೇ ಅಲಿಗೇಟರ್ ಗಾರ್ ಶ್ರೀನಗರದ ದಾಲ್ ಸರೋವರದಲ್ಲಿ ಕಳೆ ತೆಗೆಯುವವರ ಕೈಗೆ ಸಿಕ್ಕಿತು. ಉತ್ತರ ಅಮೆರಿಕದ ಆ ಮೀನು ಕಾಶ್ಮೀರಕ್ಕೆ ಈಜಿ ಬಂದುದಲ್ಲ.

ಬೆಟ್ಟದ ಸೀಮೆಯ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂದದ ಬೇಲಿಗಿಡವೆಂದು ಬ್ರಿಟಿಷರ ಕಾಲದಲ್ಲಿ ಬಂದ ಲಂಟಾನವು ಕಾಡಿನ ನೆಲವನ್ನೇ ನುಂಗಿರುವುದು ಕಣ್ಣೆದುರಿಗಿದೆ. ಚೆಂದದ ಹೂವೆಂದು ಕೊಳದಲ್ಲಿ ನೆಟ್ಟ ಅಂತರಗಂಗೆಯು ಕೆರೆಗಳನ್ನು ಹಾಸುಹಾಸಾಗಿ ಮುಚ್ಚಿರುವುದೂ ಕಣ್ಣೆದುರಿಗಿದೆ. ಗಿಡಗಳ ಆಕ್ರಮಣವು ಕಣ್ಣಿಗೆ ಕಾಣುತ್ತದೆ. ಮೀನಿನ ಆಕ್ರಮಣವು ನೀರಿನ ಅಡಿಯಲ್ಲಿ ನಡೆಯುತ್ತದೆ. ಗೆಂಡೆ, ಸಾಸಲುಗಳು ಕಣ್ಮರೆಯಾದ ಮೇಲಷ್ಟೇ ತಿಳಿಯುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯಾ ಮೀನು ಸ್ಥಳೀಯ ಮೀನು-ಕಪ್ಪೆಗಳ ಮರಿಗಳನ್ನೂ ತಿನ್ನುತ್ತದೆ. ಅದೇ ಕೆಲಸವನ್ನು ಮಾಡಬಲ್ಲ, ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆಯುಳ್ಳ ಪ್ಯಾಂಚಾಕ್ಸ್ ಎಂಬ ಪುಟ್ಟ ಮೀನು ಘಟ್ಟದ ಹಳ್ಳ-ಗದ್ದೆಗಳಲ್ಲಿ ಮೊದಲೇ ಇತ್ತೆಂಬುದನ್ನು ಯಾರೂ ಗಮನಿಸಲಿಲ್ಲ.

ಸಾಕಿದ ಮೀನನ್ನು ಹೊಳೆಗೆ ಬಿಡುವವರು ಕೆಟ್ಟವರಲ್ಲ ಎಂಬುದೇ ಇಲ್ಲಿನ ದುರಂತ. ಕೊಲ್ಲಲು ಮನಸ್ಸಿಲ್ಲದೆ, ಬದುಕಿಕೊಳ್ಳಲೆಂಬ ಕರುಣೆಯಿಂದ ಬಿಡುತ್ತಾರೆ. ದೇವಸ್ಥಾನದ ಪುಷ್ಕರಣಿಗೆ ಪುಣ್ಯವೆಂದು ಬಿಡುವವರೂ ಉಂಟು. ಒಂದು ಮೀನಿಗೆ ತೋರಿದ ಕರುಣೆಯು ಆ ನೀರಿನ ಉಳಿದೆಲ್ಲ ಮೀನುಗಳಿಗೆ ಕ್ರೌರ್ಯವಾಗಿ ಪರಿಣಮಿಸುತ್ತದೆ. ಸ್ಥಳೀಯ ಮೀನೇ ಆದರೂ ಮನೆಯಲ್ಲಿದ್ದುದನ್ನು ಬಿಡಕೂಡದು; ಅಂಗಡಿಯ ತೊಟ್ಟಿಗಳಲ್ಲಿ ಹತ್ತೂರಿನ ಮೀನುಗಳೊಡನೆ ಇದ್ದುದರಿಂದ ಅದು ಹತ್ತೂರಿನ ರೋಗಗಳನ್ನೂ ಪರಾವಲಂಬಿಗಳನ್ನೂ ಹೊತ್ತಿರಬಹುದು. ಆಗುಂಬೆಯ ನೆತ್ತಿಯಲ್ಲಿ ಬಿದ್ದ ಮಳೆ ಒಂದು ಪಕ್ಕಕ್ಕೆ ಮಾಲತಿಯಾಗಿ ತುಂಗೆಯನ್ನು ಕೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಇನ್ನೊಂದು ಪಕ್ಕಕ್ಕೆ ಸೀತಾನದಿಯಾಗಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಮನುಷ್ಯನಿಗೆ ಅದು ಅರ್ಧ ದಿನದ ನಡಿಗೆ. ಮೀನಿಗೆ ಅವೆರಡೂ ಬೇರೆ ಬೇರೆ ಲೋಕಗಳು. ಒಂದರ ಮೀನು ಇನ್ನೊಂದರಲ್ಲಿ ಪರದೇಶಿಯೇ.

ಹಾಗಾದರೆ ಆರಿಸುವುದು ಹೇಗೆ? ಹೊಳೆಗೆ ಬಿಡುವ ಪ್ರಸಂಗವೇ ಬಾರದಂತೆ ಆರಿಸುವುದು ಎರಡನೆಯ ನಿಯಮ. ಅದರ ಗುಟ್ಟು ಇರುವುದು ಅಳತೆಯಲ್ಲಿ. ಅಂಗಡಿಯಲ್ಲಿ ಮೀನು ಎಷ್ಟುದ್ದವಿದೆ ಎಂಬುದು ಮುಖ್ಯವಲ್ಲ; ಬೆಳೆದಾಗ ಎಷ್ಟುದ್ದ ಆಗುತ್ತದೆ ಎಂಬುದು ಮುಖ್ಯ. ದುಂಡು ಬಟ್ಟಲಿನ ಚಿನ್ನದ ಮೀನಿನ ವಿಷಯವನ್ನೇ ನೋಡಬಹುದು. ಅದು ಕಾರ್ಪ್ ಜಾತಿಗೆ ಸೇರಿದ್ದು, ಸರಿಯಾದ ಜಾಗವಿದ್ದರೆ ಗೇಣುದ್ದ ಮೀರಿ ಬೆಳೆಯುತ್ತದೆ, ಹತ್ತಾರು ವರ್ಷ ಬದುಕುತ್ತದೆ. ಬಟ್ಟಲಿನಲ್ಲಿ ಅದು ತಿಂಗಳೊಪ್ಪತ್ತಿನಲ್ಲಿ ಸತ್ತರೆ ಅದಕ್ಕೆ ಆಯುಸ್ಸು ಅಷ್ಟೇ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅರೋವಾನ, ಆಸ್ಕರ್, ಪಾಕು, ಸಕ್ಕರ್, ಗಾರ್ ಇವು ಯಾವುವೂ ಸಾಮಾನ್ಯ ಮನೆಯ ತೊಟ್ಟಿಗೆ ತಕ್ಕವಲ್ಲ. ಏಷ್ಯಾದ ಅರೋವಾನವಂತೂ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೊದಲನೆಯ ಪಟ್ಟಿಯಲ್ಲಿರುವ, ಅಳಿವಿನ ಭೀತಿಯ ಮೀನು. ಕಾಡಿನ ಮೀನೊಂದನ್ನು ಪೆಟ್ಟಿಗೆಯಲ್ಲಿಟ್ಟರೆ ಮನೆಗೆ ಅದೃಷ್ಟ ಬರುತ್ತದೆಂಬ ನಂಬಿಕೆಯಲ್ಲಿ ವಿಜ್ಞಾನವೂ ಇಲ್ಲ, ಧರ್ಮವೂ ಇಲ್ಲ.

ಮೊದಲ ಬಾರಿ ಸಾಕುವವರಿಗೆ 50-60 ಲೀಟರ್ ಹಿಡಿಸುವ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ಆಯತಾಕಾರದ ತೊಟ್ಟಿ ಸೂಕ್ತ. ನೀರಿನ ಮೇಲ್ಮೈ ವಿಶಾಲವಾದಷ್ಟೂ ಆಮ್ಲಜನಕ ಹೆಚ್ಚು ಬೆರೆಯುತ್ತದೆ. ತೊಟ್ಟಿ ತಂದ ದಿನವೇ ಮೀನನ್ನು ತರುವುದು ಬಹುಪಾಲು ಸಾವುಗಳಿಗೆ ಕಾರಣ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ವಿಷಕಾರಿ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಾಣುಗಳು ಜರಡಿಯಲ್ಲೂ ಮರಳಿನಲ್ಲೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೊಳೆಯ ತಳದ ಕಲ್ಲು-ಮರಳು ಲಾಗಾಯ್ತಿನಿಂದ ಮಾಡುತ್ತಿರುವ ಕೆಲಸವೂ ಇದೇ. ಮರಳನ್ನು ತೆಗೆದ ಹೊಳೆ ಏಕೆ ಕೊಳೆಯುತ್ತದೆಂಬುದನ್ನು ಒಂದು ಗಾಜಿನ ತೊಟ್ಟಿಯು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಮಕ್ಕಳಿಗೆ ತಿಳಿಸಬಲ್ಲದು.

ಮನೆಯ ನೀರಿನ ಗುಣಕ್ಕೆ ಹೊಂದುವ ಮೀನನ್ನು ತರುವುದು ವಿವೇಕ. ಮಲೆನಾಡಿನ ಬಾವಿ-ಒರತೆಗಳ ನೀರು ಸಾಮಾನ್ಯವಾಗಿ ಮೆದು; ಲವಣಾಂಶ ಕಡಿಮೆ. ಅದು ಬಾರ್ಬ್, ರಾಸ್ಬೋರಾ, ಟೆಟ್ರಾಗಳಿಗೆ ಹಿತ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಗಪ್ಪಿ, ಪ್ಲಾಟಿ, ಮೋಲಿಗಳು ಸುಖವಾಗಿರುತ್ತವೆ. ಒಗ್ಗದ ನೀರಿಗೆ ಮೀನನ್ನು ತಂದು ರಾಸಾಯನಿಕಗಳಿಂದ ನೀರನ್ನು ತಿದ್ದುವ ಗೋಜಿಗಿಂತ ನೀರಿಗೆ ಒಗ್ಗುವ ಮೀನನ್ನು ಆರಿಸುವುದು ಸುಲಭ. ಗುಂಪಿನಲ್ಲಿ ಬಾಳುವ ಮೀನುಗಳನ್ನು ಕನಿಷ್ಠ ಆರಾದರೂ ಒಟ್ಟಿಗೆ ಇಡಬೇಕು. ಒಂದೊಂದು ಜಾತಿಯ ಒಂದೊಂದನ್ನು ತಂದು ತೊಟ್ಟಿಯನ್ನು ಪ್ರದರ್ಶನದ ಮಳಿಗೆಯಾಗಿಸುವುದು ಸಲ್ಲದು. ಗಂಡು ಫೈಟರ್ ಮೀನುಗಳೆರಡನ್ನು ಒಂದೆಡೆ ಇಟ್ಟರೆ ಅವು ಕಾದಾಡಿ ಗಾಯಗೊಳ್ಳುತ್ತವೆ. ಅದು ಗಾಳಿಯಿಂದ ನೇರವಾಗಿ ಉಸಿರಾಡಬಲ್ಲದೆಂಬ ನೆಪದಿಂದ ಲೋಟದಷ್ಟು ನೀರಿನಲ್ಲಿ ಜೀವಮಾನವಿಡೀ ಇಡುವುದೂ ಹಿಂಸೆಯೇ. ಭಾರತದ್ದೇ ಆದ ಪಾರದರ್ಶಕ ಗಾಜುಮೀನಿನ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಪದ್ಧತಿಯಿದೆ. ಅಂಥ ಮೀನನ್ನು ಕೊಳ್ಳದಿರುವುದೇ ಅದಕ್ಕೆ ತಕ್ಕ ಉತ್ತರ.

ಇಷ್ಟಾದರೂ ಒಮ್ಮೊಮ್ಮೆ ಮೀನು ಉಳಿದುಹೋಗುತ್ತದೆ. ಮನೆ ಬದಲಾಗುತ್ತದೆ, ಮರಿಗಳು ಹೆಚ್ಚುತ್ತವೆ. ಆಗ ಅಂಗಡಿಗೆ ಹಿಂದಿರುಗಿಸುವುದು, ಇನ್ನೊಬ್ಬ ಹವ್ಯಾಸಿಗೆ ಕೊಡುವುದು, ಶಾಲೆಯ ತೊಟ್ಟಿಗೆ ಸೇರಿಸುವುದು, ಈ ಮೂರೇ ದಾರಿ. ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೂ ತೋಡಿಗೂ ಚೆಲ್ಲದೆ ತೋಟದ ಗಿಡಗಳ ಬುಡಕ್ಕೆ ಹಾಕಬೇಕು; ಗಿಡಗಳಿಗೆ ಅದು ಗೊಬ್ಬರವೂ ಹೌದು. ತೊಟ್ಟಿಯ ಜಲಸಸ್ಯಗಳನ್ನು ಒಣಗಿಸಿಯೇ ಎಸೆಯಬೇಕು. ಮಲೆನಾಡಿನಲ್ಲಿ ಮನೆಯ ಹಿಂದಿನ ತೋಡು ಗದ್ದೆಗೆ, ಗದ್ದೆ ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುತ್ತದೆ. ಅಲ್ಲಿ ಯಾವ ನೀರೂ ಒಂಟಿಯಲ್ಲ.

ವ್ಯಕ್ತಿಗಳ ವಿವೇಕದಿಂದಲೇ ಎಲ್ಲವೂ ಸರಿಹೋಗುತ್ತದೆಂದು ಭ್ರಮಿಸಬೇಕಾಗಿಲ್ಲ. ಗಿಳಿ-ಮೈನಾಗಳನ್ನು ಪಂಜರದಲ್ಲಿಟ್ಟು ಮಾರುವುದು ಅಪರಾಧವೆಂಬುದು ಇಂದು ಹಳ್ಳಿಯ ಮಕ್ಕಳಿಗೂ ತಿಳಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ಅರಿವನ್ನು ಬೆಳೆಸಿತು. ಮೀನಿನ ವಿಷಯದಲ್ಲಿ ಅಂಥ ಸಾಮಾಜಿಕ ಅರಿವು ಬೆಳೆಯಲಿಲ್ಲ. ಮೀನು ಎಂದರೆ ಹಿಡಿಯುವುದು, ತಿನ್ನುವುದು, ಎಣಿಸಿ ಮಾರುವುದು ಎಂಬಷ್ಟಕ್ಕೇ ಚಿಂತನೆ ನಿಂತಿದೆ. ಪ್ರತಿಯೊಂದು ಅಂಗಡಿಯೂ ತಾನು ಮಾರುವ ಮೀನು ಹೊಳೆಯದೋ ಸಾಕಿದ್ದೋ ಎಂಬುದನ್ನೂ, ಅದು ಬೆಳೆಯುವ ಗರಿಷ್ಠ ಉದ್ದವನ್ನೂ ತೊಟ್ಟಿಯ ಮೇಲೆ ಬರೆದು ತೋರಿಸಬೇಕೆಂಬ ನಿಯಮ ಬರಬೇಕು. ಮಾರಿದ ಮೀನನ್ನು ಹಿಂದಕ್ಕೆ ಪಡೆಯುವುದು ವ್ಯಾಪಾರದ ಭಾಗವಾಗಬೇಕು. ಮೀನುಗಾರಿಕಾ ಇಲಾಖೆಯು ಹೊರದೇಶದ ಮೀನುಗಳ ಸಾಕಣೆಗೆ ನೀಡುವ ಉತ್ಸಾಹದ ಒಂದಂಶವನ್ನು ಘಟ್ಟದ ಮೀನುಗಳನ್ನು ಮರಿಮಾಡಿಸುವ ಸಣ್ಣ ಘಟಕಗಳಿಗೆ ನೀಡಿದರೆ ಗ್ರಾಮೀಣ ಯುವಕರಿಗೆ ಕಸುಬೂ ದೊರೆತೀತು, ಹೊಳೆಯ ಮೇಲಿನ ಬಲೆಯ ಭಾರವೂ ತಗ್ಗೀತು. ಆ ಘಟಕಗಳಾದರೂ ಯಾವ ನದಿಯ ಮೀನನ್ನು ಸಾಕುತ್ತವೆಯೋ ಅದೇ ನದಿಯ ಕಣಿವೆಯಲ್ಲಿರಬೇಕು, ನೆರೆ ಮುಟ್ಟದ ಎತ್ತರದಲ್ಲಿರಬೇಕು.

ಹವ್ಯಾಸಿಗಳನ್ನು ಪರಿಸರ ಚಳವಳಿಯು ಎದುರಾಳಿಗಳೆಂದು ನೋಡಬೇಕಾಗಿಲ್ಲ. ಮೀನು ಹೇಗೆ ಉಸಿರಾಡುತ್ತದೆ, ನೀರು ಕೆಟ್ಟರೆ ಅದರ ಬಣ್ಣ ಹೇಗೆ ಮಾಸುತ್ತದೆ, ಜೊತೆಗಾರರಿಲ್ಲದಾಗ ಹೇಗೆ ಮೂಲೆ ಸೇರುತ್ತದೆ ಎಂಬುದನ್ನು ದಿನವೂ ಕಂಡವನು ಹೊಳೆಯನ್ನು ಬೇರೆಯೇ ಕಣ್ಣಿನಿಂದ ನೋಡಬಲ್ಲ. ಆ ಕಣ್ಣು ಹೊಳೆಯ ದಡಕ್ಕೂ ಬರಬೇಕೆಂಬುದಷ್ಟೇ ಅಪೇಕ್ಷೆ.

ಈ ನಾಡಿಗೆ ಮೀನನ್ನು ಪ್ರೀತಿಸುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ತೊಡಿಕಾನದಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಜನರು ಮೀನನ್ನು ಹೊಳೆಯಲ್ಲೇ ಇಟ್ಟು ಕಾಪಾಡಿದ್ದಾರೆ. ಅಲ್ಲಿ ಗಾಜಿಲ್ಲ, ಜರಡಿಯಿಲ್ಲ, ಬೆಲೆಪಟ್ಟಿಯಿಲ್ಲ; ಮಕ್ಕಳು ದಡದ ಮೆಟ್ಟಿಲಲ್ಲಿ ಕುಳಿತು ನೋಡುತ್ತಾರೆ, ಮೀನುಗಳು ಬಂದು ಹೋಗುತ್ತವೆ. 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಶಿಶಿಲದ ಮೀನುಗಳನ್ನು ಕೊಂದಾಗ ಆ ಊರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿತು. ಮೀನಿಗೆ ಸ್ಮಾರಕ ಕಟ್ಟಬಲ್ಲ ಸಮಾಜಕ್ಕೆ, ಮೀನು ಕೊಳ್ಳುವಾಗ ಮೂರು ಪ್ರಶ್ನೆ ಕೇಳುವುದು ಭಾರವಾಗದು. ಇದು ಎಲ್ಲಿ ಹುಟ್ಟಿತು? ಎಷ್ಟು ದೊಡ್ಡದಾಗುತ್ತದೆ? ಸಾಕಲಾಗದ ದಿನ ಹಿಂದಕ್ಕೆ ಪಡೆಯುವಿರಾ? ಈ ಮೂರಕ್ಕೂ ಉತ್ತರ ದೊರೆಯದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವವರ ಸಂಖ್ಯೆ ಹೆಚ್ಚಿದಷ್ಟೂ ತುಂಗೆಯ ಕಲ್ಲಿನ ಸಂದಿಗಳಲ್ಲಿ ಪಟ್ಟೆಮೀನು ಉಳಿಯುವ ಸಾಧ್ಯತೆ ಹೆಚ್ಚುತ್ತದೆ.